ಆರು ಅಂದರೆ ಆರು ಕೋಳಿ

ಕಂಪ್ಯೂಟರ್ ಪರದೆಯ ಮೇಲೆ ಚಿತ್ರ, ಒತ್ತುಗುಂಡಿಗಳನ್ನು ಬಿಡಿಸುವ ತನ್ನ ತಂತ್ರಾಂಶವನ್ನು ಬ್ರಿಸ್ಬೇನಿನ ಮರ್ವ್ ಆ ಶುಕ್ರವಾರ ಯಾರು ಬೇಕಾದರೂ ಬಳಸಲಿ, ತಿದ್ದಲಿ ಎಂದು ಜಗತ್ತಿಗೆ ತೆರೆದಿಟ್ಟ. ಮಾದರಿಗೆ ತನ್ನ ಹಿತ್ತಲಿನ ಆರು ಕೋಳಿಗಳನ್ನೇ ಹಾಕಿದ್ದ.

"ಹೆಂಗೆ ಬಿಡಿಸ್ಬೇಕು ಅಂತ ಹೇಳೋದೇ ಬೇಡ ಕಣೇ. ಏನು ಬೇಕೋ ಅಷ್ಟು ಹೇಳು. ಆರು ಅಂದ್ರೆ ಆರು ಕೋಳಿ," ಎಂದ.

"ನಲವತ್ತು ವರ್ಷದಿಂದ ನಂಗೂ ಟೀ ಅಂತ ಅಷ್ಟೇ ತಾನೆ ಹೇಳಿರೋದು," ಎಂದಳು ಹೆಂಡತಿ ಡೋರೀನ್.

ಮರುದಿನ ಅವನ ಎದೆಬಡಿತ ನಿಂತಿತು.

ಮುಂದಿನ ವಾರ ನರಿ ಒಂದು ಕೋಳಿ ಒಯ್ದಿತು. ಮರ್ವನ ಹೆಸರಿನಲ್ಲಿ ಸುಳ್ಳು ಉಳಿಯಬಾರದೆಂದು ಡೋರೀನ್ ಆ ಮಾದರಿಯಲ್ಲಿ ಆರರ ಬದಲು ಐದು ಎಂದು ಒತ್ತಿದಳು. ಪರದೆಯ ಕೋಳಿಗಳು ತಾವೇ ಸರಿದು ಕೂತವು.

"ಆರನೇದು ಕಾಣ್ತಿಲ್ಲ, ಏನೋ ದೋಷ ಇದೆ," ಎಂದು ತಂತ್ರಾಂಶ ಬಳಸುತ್ತಿದ್ದ ನಾರ್ವೆಯವನೊಬ್ಬ ಬರೆದ.

"ದೋಷ ಅಲ್ಲಪ್ಪ, ನರಿ," ಎಂದು ಉತ್ತರಿಸಿದಳು.

ಈಗಲೂ ದಿನಾ ಬೆಳಿಗ್ಗೆ, ಟೀಗೂ ಮೊದಲು, ಕೋಳಿ ಎಣಿಸಿ ಬಂದು ಸಂಖ್ಯೆ ಒತ್ತುತ್ತಾಳೆ.