ಕೋಟಮ್ಮನ ಅಂಗಾಲಿನ ಫೋಟೊಗಳು

ಹೊಲಿಗೆ ಮೆಷಿನ್ನಿನ ಪೆಡಲ್ ಒರೆಸುವಾಗ ಅದರ ಕಬ್ಬಿಣದ ಜಾಲರಿಯ ಮೇಲೆ ಒಣಗಿದ ರಕ್ತದ ಕಲೆ ಕಂಡಿತು. ಸೊಸೆ ಮೊದಲು ಮಗುವಿನ ಕೈಕಾಲು ತಡಕಿ ನೋಡಿದಳು, ಆಮೇಲೆ ತನ್ನ ಪಾದಗಳನ್ನು. ಎಲ್ಲಿಯೂ ಏನೂ ಇಲ್ಲ. ಕೊನೆಗೆ ಅತ್ತೆಯ ಬಲಗಾಲನ್ನು ಎತ್ತಿ ತೊಡೆಯ ಮೇಲಿಟ್ಟುಕೊಂಡರೆ, ಹೆಬ್ಬೆರಳಿನ ಬುಡದಲ್ಲಿ ಗುಂಡುಪಿನ್ನಿನ ಬಿಳಿ ತಲೆ ಮಾತ್ರ ಹೊರಗಿತ್ತು. ಉಳಿದದ್ದೆಲ್ಲ ಒಳಗೆ. ಮಧ್ಯಾಹ್ನವಿಡೀ ಅವರು ಅದೇ ಕಾಲಿನಲ್ಲಿ ಮೆಷಿನ್ ತುಳಿದಿದ್ದರು.

"ನೋವಾಗ್ಲಿಲ್ವಾ ಅತ್ತೆ?"

"ಯಾಕೆ, ಏನಾಗಿದೆ?" ಎಂದು ಅವರು ಕೇಳಿದ ರೀತಿಗೇ ಅವಳಿಗೆ ಹೆಚ್ಚು ಭಯವಾಯಿತು.

ಅತ್ತೆಯನ್ನು ಬೀದಿಯವರೆಲ್ಲ ಕೋಟಮ್ಮ ಎಂದೇ ಕರೆಯುತ್ತಿದ್ದರು. ಅಂಗಿ, ಲಂಗ, ದಿಂಬಿನ ಚೀಲ ಯಾರು ಬೇಕಾದರೂ ಹೊಲಿದಾರು, ಕೋಟು ಹೊಲಿಯುವುದು ಹಾಗಲ್ಲ ಎನ್ನುವುದು ಅವರ ಅಭಿಮಾನದ ಮಾತು. ಗಂಡ ತೀರಿಹೋದಾಗ ಅವರ ಪಾಲಿಗೆ ಉಳಿದದ್ದು ಅವನ ಮೆಷಿನ್ನು, ಅರ್ಧ ಕತ್ತರಿಸಿದ ಒಂದು ಕೋಟು ಮತ್ತು ಇನ್ನೂ ಅಂಬೆಗಾಲಿಡುತ್ತಿದ್ದ ಮಗ. ಆ ಅರ್ಧ ಕೋಟನ್ನು ಬಿಚ್ಚಿ, ಹೊಲಿದು, ಮತ್ತೆ ಬಿಚ್ಚಿ ಅವರು ವಿದ್ಯೆ ಕಲಿತರು. ಮೋಟರು ಹಾಕಿಸಿಕೊಳ್ಳಿ ಎಂದು ಯಾರಾದರೂ ಹೇಳಿದರೆ, ಬಟ್ಟೆ ದಪ್ಪವೋ ತೆಳುವೋ ಎಂದು ಕಾಲಿಗೆ ಗೊತ್ತಾಗಬೇಕು, ಮೋಟರಿಗೇನು ತಿಳಿಯುತ್ತೆ ಎಂದು ಬಾಯಿ ಮುಚ್ಚಿಸುತ್ತಿದ್ದರು. ಮಗ ಬೆಳೆದು ದೂರದ ಊರುಗಳಿಗೆ ಲಾರಿ ಓಡಿಸತೊಡಗಿದ. ಸೊಸೆ ಬಂದ ಮೇಲೆ ಬಟನ್‌ಹೋಲಿನ ಕೆಲಸವನ್ನು ಅವಳ ಕೈಗೆ ದಾಟಿಸಿದರು. ಆ ಮನೆಯಲ್ಲಿ ಮೊಮ್ಮಗಳು ಪುಟ್ಟಿ ಕೂಡ ಮೆಷಿನ್ನಿನ ಸದ್ದಿಲ್ಲದೆ ನಿದ್ದೆ ಹೋಗುತ್ತಿರಲಿಲ್ಲ.

ಆ ಕಾಲಿಗೆ ಈಗ ಬಟ್ಟೆಯೂ ತಿಳಿಯುತ್ತಿರಲಿಲ್ಲ, ಪಿನ್ನೂ ತಿಳಿಯುತ್ತಿರಲಿಲ್ಲ.

ಸಕ್ಕರೆ ಕಾಯಿಲೆ ನರಗಳನ್ನು ತಿಂದಿದೆ ಎಂದು ಕ್ಲಿನಿಕ್ಕಿನ ನರ್ಸಮ್ಮ ಹೇಳಿದರು. ಪಿನ್ನು ಹೋಯಿತು, ಗಾಯ ಉಳಿಯಿತು, ಬರಬರುತ್ತ ಹುಣ್ಣಾಯಿತು. ಮನೆಯಲ್ಲೇ ದಿನಾ ಡ್ರೆಸಿಂಗ್ ಮಾಡುವುದನ್ನು ನರ್ಸಮ್ಮ ಸೊಸೆಗೆ ಕಲಿಸಿಕೊಟ್ಟರು. ಜೊತೆಗೆ ಇನ್ನೊಂದು ಮಾತು ಹೇಳಿದರು: "ಮಗು ಬೆಳೆಯೋದು ತಾಯಿ ಕಣ್ಣಿಗೆ ಕಾಣ್ಸಲ್ಲ ನೋಡಿ, ಹುಣ್ಣೂ ಹಂಗೇ. ವಾರಕ್ಕೊಂದು ಫೋಟೊ ತೆಗೆದಿಡಿ, ಪಕ್ಕದಲ್ಲಿ ಯಾವಾಗ್ಲೂ ಒಂದೇ ವಸ್ತು ಇರ್ಲಿ, ಅಳತೆಗೆ. ಒಂಚೂರು ದೊಡ್ಡದಾದ್ರೂ ಆವತ್ತೇ ಆಸ್ಪತ್ರೆಗೆ ಹೋಗ್ಬೇಕು, ಕಾಯಬೇಡಿ."

ಆಸ್ಪತ್ರೆ ಎಂಬ ಪದಕ್ಕೆ ಅತ್ತೆಯ ಮುಖ ಕಲ್ಲಾಯಿತು. ಪಕ್ಕದ ಅಂಗಡಿಯ ಇಸ್ತ್ರಿಯವನು ಬೆರಳ ತುದಿಯ ಸಣ್ಣ ಗಾಯವೆಂದು ಅಲ್ಲಿಗೆ ಹೋದವನು, ಮೊಣಕಾಲಿನ ಕೆಳಗೆ ಏನೂ ಇಲ್ಲದೆ ವಾಪಸು ಬಂದಿದ್ದ. ಅವನ ಪ್ಯಾಂಟಿನ ಒಂದು ಕಾಲನ್ನು ಮಡಚಿ ಹೊಲಿದುಕೊಟ್ಟವರು ಇದೇ ಕೋಟಮ್ಮ.

ಫೋನಿನಲ್ಲಿ ಫೋಟೊ ತೆಗೆಯುವುದಕ್ಕೆ ಅವರು ಸುತರಾಂ ಒಪ್ಪಲಿಲ್ಲ. ಹಿಂದೊಮ್ಮೆ ಸೊಸೆಯ ಕೈತಪ್ಪಿ ಪುಟ್ಟಿ ಸ್ನಾನ ಮಾಡುವ ಫೋಟೊ ಬಂಧುಬಳಗಕ್ಕೆಲ್ಲ ಹೋಗಿಬಿಟ್ಟಿತ್ತು. "ನಾನೇ ಈ ಬೀದಿ ದಾಟಿ ಹೋಗಲ್ಲ, ನನ್ನ ಅಂಗಾಲು ಮಾತ್ರ ದೇಶ ಸುತ್ತಬೇಕಾ?" ಎಂದರು. ಅವಳಿಗೂ ಆ ಫೋನಿನ ಮೇಲೆ ನಂಬಿಕೆಯಿರಲಿಲ್ಲ; ಯಾರ ಚರ್ಮ ಕಂಡರೂ ತಾನೇ ನುಣ್ಣಗೆ ಮಾಡಿ ತೋರಿಸುವ ಚಾಳಿ ಅದಕ್ಕೆ. ಯಾರಿಗೂ ಏನನ್ನೂ ಕಳಿಸಲಾರದ, ಇದ್ದದ್ದನ್ನು ಇದ್ದ ಹಾಗೆ ತೋರಿಸುವ ಪುಟ್ಟ ಕ್ಯಾಮೆರಾ ಬೇಕು ಎಂದುಕೊಂಡು ಪುಟ್ಟಿಯನ್ನು ಎತ್ತಿಕೊಂಡು ಹೊರಟಳು.

ಮಾರುಕಟ್ಟೆಯ ಮೆಟ್ಟಿಲ ಕೆಳಗಿನ ಗೂಡಂಗಡಿಯಲ್ಲಿ ಕ್ಯಾಮೆರಾ ರಿಪೇರಿಯವನು ಹಳೆಯ ಜೇಬು ಕ್ಯಾಮೆರಾಗಳನ್ನು ಸೋಪಿನ ಬಿಲ್ಲೆಗಳಂತೆ ಸಾಲಾಗಿ ಜೋಡಿಸಿಟ್ಟಿದ್ದ. ಮಗುವಿನ ಫೋಟೊಗೆ ತಾನೇ ಎಂದು ಕೇಳಿದ. ಹೌದೆಂದು ಸುಳ್ಳು ಹೇಳಿದಳು. ನಿಜ ಹೇಳಿದರೆ ಅದು ಇನ್ನಷ್ಟು ನಿಜವಾಗಿಬಿಡುತ್ತದೆ ಎಂಬ ಹೆದರಿಕೆ. ಅವನು ದೂರದ ಹಕ್ಕಿಯನ್ನೂ ಎಳೆದು ಹತ್ತಿರ ತರುವ ಜೂಮಿನದನ್ನು ಹೊಗಳುತ್ತ ಹೋದ. ಅವಳು ಕೇಳಿದ್ದು ಒಂದೇ ಮಾತು, ಎಷ್ಟು ಹತ್ತಿರಕ್ಕೆ ಹೋದರೂ ಮಸುಕಾಗದಂಥದ್ದು ಯಾವುದು? ಆಗ ಅವನು ಹಿಂಬದಿಯ ಗುಂಡಿಯ ಮೇಲಿದ್ದ ಚಿಕ್ಕ ಹೂವಿನ ಗುರುತು ತೋರಿಸಿದ. ಅದನ್ನು ಒತ್ತಿದರೆ ಕ್ಯಾಮೆರಾ ಹತ್ತಿರದ್ದನ್ನು ನೋಡುತ್ತದಂತೆ.

ಅವಳು ತನ್ನ ರವಿಕೆಯ ತೋಳಿನ ಹೊಲಿಗೆಯನ್ನೇ ಒಂದೊಂದು ಕ್ಯಾಮೆರಾದಲ್ಲೂ ತೆಗೆದು ನೋಡಿದಳು. ತೆಳ್ಳಗೆ ಚೆಂದವಿದ್ದದ್ದು ದಾರವನ್ನೆಲ್ಲ ಕಲಸಿಹಾಕಿತು. ಇನ್ನೊಂದು ದಾರವನ್ನೇನೋ ಬಿಡಿಸಿ ತೋರಿಸಿತು, ಆದರೆ ಕೆಂಪು ಬಟ್ಟೆಯನ್ನು ಕಿತ್ತಳೆ ಮಾಡಿತು. ಹುಣ್ಣಿನ ಅಂಚಿನ ಕೆಂಪನ್ನು ಗಮನಿಸುತ್ತಿರಿ ಎಂದು ನರ್ಸಮ್ಮ ಹೇಳಿದ್ದರಲ್ಲ, ಅದನ್ನು ಪಕ್ಕಕ್ಕಿಟ್ಟಳು. ಕಡೆಗೆ ಮೂಲೆಯಲ್ಲಿ ಬಣ್ಣ ಸವೆದ, ಅಂಗೈಗಿಂತ ಚಿಕ್ಕದೊಂದು ಬೂದು ಕ್ಯಾಮೆರಾ ಕೆಂಪನ್ನು ಕೆಂಪೆಂದೇ ತೋರಿಸಿತು. ಹೊಲಿಗೆಯ ಎಳೆಗಳನ್ನು ಎಣಿಸಬಹುದಿತ್ತು. ಹೆಂಗಸರೆಲ್ಲ ಬಣ್ಣ ನೋಡಿ ಕೊಳ್ಳುತ್ತಾರೆ, ನೀವು ಒಳ್ಳೆ ಪೊಲೀಸಿನವರ ಹಾಗೆ ತಪಾಸಣೆ ಮಾಡುತ್ತೀರಲ್ಲ ಎಂದು ರಿಪೇರಿಯವನು ನಕ್ಕ. ಅವಳಿಗೆ ನಗು ಬರಲಿಲ್ಲ.

ಭಾನುವಾರ ಬೆಳಗ್ಗೆ, ಕಿಟಕಿಯ ಬೆಳಕು ಮಂಚದ ಮೇಲೆ ಬೀಳುವ ಹೊತ್ತಿಗೆ, ಅತ್ತೆ ಬೋರಲು ಮಲಗಿ ಅಂಗಾಲನ್ನು ಮೇಲೆ ಮಾಡುತ್ತಿದ್ದರು. ಪುಟ್ಟಿಯೂ ಆಗತಾನೇ ಬೋರಲು ಬೀಳಲು ಕಲಿತಿದ್ದಳು. "ಈ ಮನೇಲಿ ಬೋರಲು ಬೀಳೋರು ಇಬ್ಬರು ಕಣೇ. ಅವಳು ತಲೆ ಎತ್ತಿದ್ರೆ ಚಪ್ಪಾಳೆ, ನಾನು ಎತ್ತಿದ್ರೆ ಬೈಗುಳ," ಎನ್ನುತ್ತಿದ್ದರು ಅತ್ತೆ. ಅಳತೆಗೆಂದು ಸೊಸೆ ಒಂದು ಕಪ್ಪು ಕೋಟಿನ ಬಟನ್ ಆರಿಸಿಕೊಂಡಿದ್ದಳು. ಬಟನ್ ನೇರವಾಗಿ ಚರ್ಮಕ್ಕೆ ತಾಗದಿರಲೆಂದು ಕೆಳಗೆ ಲೈನಿಂಗ್ ಬಟ್ಟೆಯ ಒಂದು ತುಂಡು. ಕೋಟಿನ ತೋಳಿನೊಳಗೆ ಹಾಕುತ್ತಾರಲ್ಲ, ಆ ಸಣ್ಣ ನೀಲಿ ಪಟ್ಟೆಯದು. ಬಟನ್ನು, ಬಟ್ಟೆ ಎರಡನ್ನೂ ಕ್ಯಾಮೆರಾದ ಚೀಲದಲ್ಲೇ ಹಾಕಿ ಮೆಷಿನ್ನಿನ ಪಕ್ಕದ ಮೊಳೆಗೆ ನೇತುಹಾಕುತ್ತಿದ್ದಳು.

ಗುಂಡಿಯನ್ನು ಅರ್ಧ ಒತ್ತಿದರೆ ಪರದೆಯ ಮೇಲೆ ಹಸಿರು ಚೌಕ ಮೂಡಿ ಕೀಂ ಎನ್ನುತ್ತಿತ್ತು. ಪೂರ್ತಿ ಒತ್ತುವ ಮುಂಚಿನ ಆ ಒಂದು ಗಳಿಗೆಯಲ್ಲಿ ಅವಳ ಬಾಯಿ ಒಣಗುತ್ತಿತ್ತು. ಮೊದಲ ಫೋಟೊದಲ್ಲಿ ಫ್ಲ್ಯಾಶ್ ಹೊಡೆದು ಹುಣ್ಣು ಬೆಳ್ಳಗಾಯಿತು. ಫ್ಲ್ಯಾಶ್ ಆರಿಸಿ ಮತ್ತೆ ತೆಗೆದಳು. ಬಟನ್ನಿನಷ್ಟೇ ದೊಡ್ಡ ಹುಣ್ಣು. ಅತ್ತೆಗೆ ತೋರಿಸಹೋದರೆ ಅವರು ಮುಖ ತಿರುಗಿಸಿದರು. ತಮ್ಮ ಅಂಗಾಲನ್ನು ಅವರು ಒಂದು ಸಲವೂ ನೋಡಿರಲಿಲ್ಲ. ಬಗ್ಗಿ ನೋಡಲು ಸೊಂಟ ಬಿಡುತ್ತಿರಲಿಲ್ಲ, ಕನ್ನಡಿ ಹಿಡಿದರೆ ಮನಸ್ಸು ಬಿಡುತ್ತಿರಲಿಲ್ಲ.

ಮುಂದಿನ ವಾರ ಹುಣ್ಣು ಬಟನ್ನಿನ ಅಂಚನ್ನು ಕೂದಲೆಳೆಯಷ್ಟು ಮೀರಿದ ಹಾಗೆ ಕಂಡಿತು. ಖಚಿತವಿಲ್ಲ. ಇನ್ನೊಂದು ವಾರ ನೋಡೋಣ, ಹೆಚ್ಚಿದ್ದರೆ ಆಸ್ಪತ್ರೆಗೇ ಹೋಗಿಬಿಡೋಣ ಎಂದು ಅವಳು ಅಂದಳು. ಮೆಷಿನ್ನಿಗೆ ದಾರ ಪೋಣಿಸುತ್ತಿದ್ದ ಅತ್ತೆ ಸೂಜಿಯ ಕಣ್ಣು ತಪ್ಪಿಸಿ ಮತ್ತೆ ಪೋಣಿಸಿದರು.

ಆಮೇಲಿನ ಫೋಟೊದಲ್ಲಿ ಹುಣ್ಣು ಬಟನ್ನಿಗಿಂತ ಚಿಕ್ಕದಾಗಿತ್ತು!

ಅವಳಿಗೆ ಅಳುವೇ ಬಂದುಬಿಟ್ಟಿತು. ಹೇಳಿದ್ನಲ್ಲ, ವಾಸಿಯಾಗ್ತಿದೆ ಅಂತ ಎಂದರು ಅತ್ತೆ, ದಿಂಬಿನಲ್ಲಿ ಮುಖ ಹುದುಗಿಸಿಕೊಂಡೇ. ಅದರ ಮುಂದಿನ ವಾರವೂ ಚಿಕ್ಕದೇ. ಲಾರಿಯಲ್ಲಿದ್ದ ಗಂಡನಿಗೆ ಫೋನು ಮಾಡಿ ಸಮಾಧಾನ ಹೇಳಿದಳು. ಆದರೂ ಒಳಗೆಲ್ಲೋ ಒಂದು ಮುಳ್ಳು ಆಡುತ್ತಿತ್ತು. ಡ್ರೆಸಿಂಗ್ ಬಿಚ್ಚುವಾಗ ಇತ್ತೀಚೆಗೆ ಒಂದು ವಾಸನೆ. ಅಂಚಿನ ಕೆಂಪು ಬೆರಳಿನತ್ತ ಹರಡಿದ ಹಾಗೆ. ಕ್ಯಾಮೆರಾ ಸುಳ್ಳು ಹೇಳುವುದಿಲ್ಲವಲ್ಲ ಎಂದು ತನ್ನನ್ನೇ ಗದರಿಸಿಕೊಂಡಳು.

ಮಾರನೆಯ ದಿನ ನರ್ಸಮ್ಮನಿಗೆ ತೋರಿಸಬೇಕಿತ್ತು. ಯಾವ ಫೋಟೊ ಚೆನ್ನಾಗಿದೆಯೆಂದು ಆರಿಸಲು ಮಧ್ಯಾಹ್ನ ಕಿಟಕಿಯ ಬಳಿ ಕುಳಿತು ಒಂದೊಂದನ್ನೇ ದೊಡ್ಡದು ಮಾಡಿ ನೋಡತೊಡಗಿದಳು. ಒಳಕೋಣೆಯಲ್ಲಿ ಮೆಷಿನ್ ಟಕಟಕ ಓಡುತ್ತಿತ್ತು, ಪುಟ್ಟಿ ನಿದ್ದೆಯಲ್ಲಿದ್ದಳು. ಮೊದಲ ಫೋಟೊದಲ್ಲಿ ಬಟನ್ನಿನ ಅಡಿಯಲ್ಲಿ ಮುಚ್ಚಿಹೋದ ನೀಲಿ ಪಟ್ಟೆಗಳು ಮೂರು. ಕೊನೆಯ ಫೋಟೊದಲ್ಲಿ ಅವಳ ಕಣ್ಣು ತಾನಾಗಿ ಅಲ್ಲೇ ನಿಂತಿತು. ಮತ್ತೆ ಎಣಿಸಿದಳು. ನಾಲ್ಕು, ಮತ್ತು ಐದನೆಯದರ ಅರ್ಧ.

ಪಟ್ಟೆ ಹಿಗ್ಗುವುದಿಲ್ಲ, ಬಟನ್ನೂ ಬೆಳೆಯುವುದಿಲ್ಲ. ದಿನವೆಲ್ಲ ಬಟನ್‌ಹೋಲ್ ಕತ್ತರಿಸುವವಳಿಗೆ ಅದಕ್ಕಿಂತ ಹೆಚ್ಚು ಹೇಳಬೇಕಿರಲಿಲ್ಲ. ಒಂದೇ ಕೋಟಿನಲ್ಲಿ ಒಂದೇ ನಮೂನೆಯ ಬಟನ್ನು ಎರಡು ಅಳತೆಯಲ್ಲಿ ಇರುತ್ತದೆ, ತೋಳಿಗೆ ಸಣ್ಣದು, ಎದೆಗೆ ದೊಡ್ಡದು. ಅವಳು ಚೀಲಕ್ಕೆ ಹಾಕಿದ್ದು ತೋಳಿನದು, ಈ ಫೋಟೊದಲ್ಲಿರುವುದು ಎದೆಯದು. ಹುಣ್ಣನ್ನು ಪಟ್ಟೆಗಳ ಪಕ್ಕದಲ್ಲಿ ಅಳೆದಳು. ಮೊದಲು ಮೂರು ಪಟ್ಟೆಯಗಲ ಇದ್ದದ್ದು ಈಗ ನಾಲ್ಕರ ಹತ್ತಿರ. ಇಷ್ಟು ದಿನ ತಾನು ಸಮಾಧಾನಪಟ್ಟುಕೊಂಡದ್ದೆಲ್ಲ ಹುಣ್ಣು ಬೆಳೆದ ದಿನಗಳು.

ಒಳಗೆ ಹೋಗಿ ಮೆಷಿನ್ನಿನ ಚಕ್ರದ ಮೇಲೆ ಕೈಯಿಟ್ಟಳು. ಸದ್ದು ನಿಂತಿತು.

"ಬಟನ್ ಬದಲಾಯಿಸಿದ್ದು ನೀವೇನಾ?"

ಅತ್ತೆ ಕೈಯಲ್ಲಿದ್ದ ಕಾಲರನ್ನು ಸರಿಮಾಡಿದರು. "ಇಸ್ತ್ರಿಯವನ ಪ್ಯಾಂಟು ಹೊಲಿದೋಳು ನಾನು ಕಣೇ. ನೀನಲ್ಲ," ಎಂದರು.

ಅವಳಿಗೆ ಸಿಟ್ಟು ಬರಬೇಕಿತ್ತು. ಬಂದದ್ದು ಭಯ. ಇಷ್ಟು ದಿನ ಹೆದರಿದವಳು ತಾನೊಬ್ಬಳೇ ಎಂದುಕೊಂಡಿದ್ದಳು. ಕೋಣೆಯ ಆ ಬದಿಯಲ್ಲಿ ತನಗಿಂತ ದೊಡ್ಡ ಹೆದರಿಕೆಯೊಂದು ಸದ್ದಿಲ್ಲದೆ ಕೂತು ಕೋಟು ಹೊಲಿಯುತ್ತಿತ್ತು. ಜಗಳಕ್ಕೆ ಇದು ಹೊತ್ತಲ್ಲ ಎನಿಸಿ ನೆಲದ ಮೇಲೆ ಅವರ ಮೊಣಕಾಲಿನ ಬಳಿ ಕುಳಿತಳು. ಕ್ಯಾಮೆರಾವನ್ನು ಅವರ ತೊಡೆಯ ಮೇಲಿಟ್ಟಳು.

"ನೋಡಿ ಅತ್ತೆ. ಒಂದೇ ಸಲ. ಆಮೇಲೆ ನೀವು ಹೇಳಿದ ಹಾಗೇ ಆಗ್ಲಿ."

ಅವರು ಕನ್ನಡಕ ಹಣೆಯಿಂದ ಇಳಿಸಿಕೊಂಡರು. ತಮ್ಮದೇ ಅಂಗಾಲನ್ನು, ಯಾರೋ ರಿಪೇರಿಗೆ ತಂದುಕೊಟ್ಟ ಬಟ್ಟೆ ನೋಡುವ ಹಾಗೆ, ಆ ಕಡೆ ಈ ಕಡೆ ವಾಲಿಸಿ ನೋಡಿದರು. ಕೆಂಪು ಎಲ್ಲಿಯವರೆಗೆ ಹೋಗಿದೆಯೆಂದು ಉಗುರಿನಿಂದ ಪರದೆಯ ಮೇಲೆ ಗೆರೆ ಎಳೆದರು.

"ನೇಯ್ಗೆನೇ ಬಿಟ್ಟಿದೆ," ಎಂದರು ಕೊನೆಗೆ. "ಇದು ತೇಪೆಗೆ ನಿಲ್ಲೋದಲ್ಲ. ಗಟ್ಟಿ ಬಟ್ಟೆ ಸಿಗೋವರೆಗೂ ಕತ್ತರಿಸಬೇಕು." ಕ್ಯಾಮೆರಾವನ್ನು ಸೊಸೆಯ ಕೈಗೆ ಕೊಡುತ್ತ, "ಆಸ್ಪತ್ರೇಲಿ ನನ್ನ ಜೊತೆ ಒಳಗೆ ಬರ್ತೀಯೇನೇ?" ಎಂದರು. ಅತ್ತೆ ಅವಳನ್ನು ಹಾಗೆ ಏನನ್ನಾದರೂ ಕೇಳಿದ್ದು ಅದೇ ಮೊದಲು.

ಅಂದೇ ಹೋದರು. ಆಸ್ಪತ್ರೆಯ ಉದ್ದನೆಯ ಕಾರಿಡಾರಿನಲ್ಲಿ ಅತ್ತೆ ಸೊಸೆಯ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡು ಕುಳಿತರು. ಡಾಕ್ಟರು ಫೋಟೊಗಳನ್ನು ಹಿಂದೆಮುಂದೆ ಮಾಡಿ ನೋಡಿ, ಅವಳು ಹೇಳಿದ ಪಟ್ಟೆಯ ಲೆಕ್ಕ ಕೇಳಿಸಿಕೊಂಡು, ಹೆಬ್ಬೆರಳು ಉಳಿಯುತ್ತದೆಂದು ಮಾತು ಕೊಡಲಾರೆ, ಕಾಲು ಉಳಿಸಲು ನೋಡುತ್ತೇನೆ ಎಂದರು. ಆಪರೇಷನ್ ಕೋಣೆಯ ಬಾಗಿಲವರೆಗೂ ಸೊಸೆ ಜೊತೆಗೆ ಹೋದಳು; ಬಾಗಿಲು ಮುಚ್ಚಿತು. ಹೊರಗೆ ಪುಟ್ಟಿ ನಿದ್ದೆ ಬಾರದೆ ಅಳುತ್ತಿದ್ದಳು. ಸೊಸೆ ತನಗೇ ಅರಿವಿಲ್ಲದೆ ಕಾಲಿನಿಂದ ನೆಲವನ್ನು ಟಕಟಕ ತಟ್ಟುತ್ತಿದ್ದಳು. ಪ್ರತಿ ಸಲ ಬಾಗಿಲು ತೆರೆದಾಗಲೂ ಅವಳ ಕಣ್ಣು ಮೊದಲು ಹೋಗುತ್ತಿದ್ದದ್ದು ಗಾಲಿಮಂಚದ ಮೇಲಿನ ಹೊದಿಕೆಯ ತುದಿಗೆ, ಅಲ್ಲಿ ಎರಡು ಉಬ್ಬುಗಳಿವೆಯೇ ಎಂದು.

ಅತ್ತೆಯನ್ನು ತಂದಾಗ ಎರಡಿದ್ದವು. ಹೆಬ್ಬೆರಳು ಹೋಗಿತ್ತು. ಕಾಲು ಇತ್ತು.

ಈಗ ಅತ್ತೆ ಎಡಗಾಲಿನಿಂದ ಮೆಷಿನ್ ತುಳಿಯುವುದನ್ನು ಕಲಿಯುತ್ತಿದ್ದಾರೆ. ಲಯ ಕೂಡುವುದಿಲ್ಲ, ದಾರ ಕಡಿಯುತ್ತದೆ, ಪುಟ್ಟಿ ಎಚ್ಚರಗೊಂಡು ಗಲಾಟೆ ಮಾಡುತ್ತಾಳೆ. ಬಲಗಾಲಿನ ಹೊಲಿಗೆಯ ಫೋಟೊವನ್ನು ಅವರೇ ಕೇಳಿ ತರಿಸಿಕೊಂಡು ನೋಡಿ, "ಇಷ್ಟು ಓದಿದೋರು ಕಚ್ಚಾ ಹೊಲಿಗೆ ಹಾಕಿ ಕಳಿಸಿದಾರಲ್ಲೇ," ಎಂದು ತೀರ್ಪು ಕೊಟ್ಟರು. ಸೊಸೆ ತೋಳಿನ ಸಣ್ಣ ಬಟನ್ನನ್ನು ಪಟ್ಟೆ ಬಟ್ಟೆಗೇ ಗಟ್ಟಿಯಾಗಿ ಹೊಲಿದುಬಿಟ್ಟಿದ್ದಾಳೆ. ಅದನ್ನು ಕಂಡು ಅತ್ತೆ, ದಾರ ಸ್ವಲ್ಪ ಸಡಿಲ ಬಿಡಬೇಕಿತ್ತು, ಬಟನ್ ಹಾಕೋಕೂ ಬರಲ್ಲ ನಿಂಗೆ ಎಂದು ಗೊಣಗಿದರೇ ಹೊರತು ಬಿಚ್ಚಲಿಲ್ಲ.

ಭಾನುವಾರ ಬೆಳಗ್ಗೆ ಅವರು ಬೋರಲು ಮಲಗುತ್ತಾರೆ. ಹಸಿರು ಚೌಕ ಮೂಡುತ್ತದೆ, ಸೊಸೆಯ ಬಾಯಿ ಈಗಲೂ ಒಣಗುತ್ತದೆ. ಗುಂಡಿ ಒತ್ತಿದ ಸದ್ದು ಕೇಳಿದ್ದೇ ತಡ, ದಿಂಬಿನೊಳಗಿಂದ ಅತ್ತೆಯ ಸ್ವರ ಬರುತ್ತದೆ.

"ಎಷ್ಟು ಪಟ್ಟೆ?"

ಅವಳು ಎರಡು ಸಲ ಎಣಿಸಿದ ಮೇಲೆಯೇ ಉತ್ತರ ಕೊಡುತ್ತಾಳೆ.