ಗಂಧ ಹಚ್ಚಿಸಿಕೊಂಡ ಹೆಲಿಕಾಪ್ಟರ್

ಕೊಂಡಜ್ಜಿ ಕೆರೆಯ ಪಕ್ಕದ ಮೈದಾನದಲ್ಲಿ ನಮ್ಮ ಕಾಲೇಜಿನ ಹಾರಾಟ ಕ್ಲಬ್ಬಿನ ಮಾದರಿ ಹೆಲಿಕಾಪ್ಟರ್ ಮೂರನೆಯ ಸಲವೂ ಆಳೆತ್ತರಕ್ಕೆ ಏರಿ, ಕೆಮ್ಮಿ, ಹುಲ್ಲಿನ ಮೇಲೆ ಕುಕ್ಕರಿಸಿತು.

“ಇವತ್ತು ಹಾರಲಿಲ್ಲ ಅಂದ್ರೆ ನಿಮ್ಮ ಕ್ಲಬ್ಬಿಗೆ ಬೀಗ ಹಾಕ್ತೀನ್ರಪ್ಪ. ಆ ರೂಮು ಸೈಕಲ್ ಸ್ಟ್ಯಾಂಡಿಗೆ ಬೇಕಾಗೈತೆ,” ಎಂದರು ಪ್ರಿನ್ಸಿಪಾಲರು. ಬೆಳಿಗ್ಗೆ ಕಾಯಿ ಒಡೆದು, ಯಂತ್ರಕ್ಕೆ ಧಾರಾಳವಾಗಿ ಗಂಧ ಬಳಿದವರೂ ಅವರೇ. ಮೊದಲ ಸಲ ಬಿದ್ದಾಗ ಎಣ್ಣೆ ಕಲಬೆರಕೆ ಎಂದರು, ಎರಡನೆಯ ಸಲ ಗಾಳಿ ಸರಿಯಿಲ್ಲ ಎಂದರು, ಈಗ ಯಾರದೋ ದೃಷ್ಟಿ ಎಂದರು. ಮೂರು ಕಾರಣಗಳನ್ನೂ ನಾನು ಕ್ಲಬ್ಬಿನ ದಾಖಲೆ ಪುಸ್ತಕದಲ್ಲಿ ಸಮಯಸಮೇತ ಬರೆದುಕೊಂಡೆ.

ನನ್ನ ಸಹಪಾಠಿ ರಫೀಕ್ ಇಂಧನದ ಡಬ್ಬಿಯನ್ನು ತಿರುಗಿಸಿ ನೋಡಿದ. ಒಳಗೆ ಇಂಧನವಿತ್ತು. ಆದರೆ ಡಬ್ಬಿಯೊಳಕ್ಕೆ ಗಾಳಿ ಬಿಡುವ ಸಣ್ಣ ಕೊಳವೆಯ ಬಾಯನ್ನು ಗಂಧ ಮೆತ್ತಿಕೊಂಡು ಮುಚ್ಚಿತ್ತು. ಗಾಳಿ ಒಳಹೋಗದಿದ್ದರೆ ಇಂಧನ ಎಂಜಿನ್ನಿಗೆ ಹೋಗುವುದಿಲ್ಲ.

ನಾನು ಬಾಯಿ ತೆರೆಯುವಷ್ಟರಲ್ಲಿ ಅವನು ಪಿಸುಗುಟ್ಟಿದ: “ಸುಮ್ನಿರೋ ಮಾರಾಯ, ಹೇಳಬ್ಯಾಡ. ಹೇಳಿದ್ರೆ ಸೈಕಲ್ ಸ್ಟ್ಯಾಂಡೇ ಗಟ್ಟಿ.” ಪಿನ್ನಿನಿಂದ ಗಂಧವನ್ನು ಕೆದಕಿ ತೆಗೆದ.

ನಾಲ್ಕನೆಯ ಸಲ ಹೆಲಿಕಾಪ್ಟರ್ ತೆಂಗಿನಮರದೆತ್ತರಕ್ಕೆ ಏರಿ, ಕೆರೆಯ ಕಡೆಗೊಂದು ಸುತ್ತು ಹಾಕಿ, ಸರಿಯಾಗಿ ನಮ್ಮ ಮುಂದೆ ಇಳಿಯಿತು.

“ನೋಡ್ರಪ್ಪ, ಪೂಜೆ ಅಂದ್ರೆ ಹಿಂಗಿರಬೇಕು! ಫಲ ಸ್ವಲ್ಪ ತಡ ಆಗ್ಬಹುದು, ತಪ್ಪೋದಿಲ್ಲ,” ಎಂದರು ಪ್ರಿನ್ಸಿಪಾಲರು.

ಕ್ಲಬ್ಬು ಉಳಿಯಿತು, ಪ್ರತಿ ಹಾರಾಟಕ್ಕೂ ಪೂಜೆ ಕಡ್ಡಾಯವಾಯಿತು. ಅವರು ಗಂಧ ಹಿಡಿದು ಬಂದಾಗಲೆಲ್ಲ ನಾನು ಆ ಕೊಳವೆಯ ಬಾಯಿಗೆ ಬೆರಳೊತ್ತಿ, ಕಣ್ಣು ಮುಚ್ಚಿ ನಿಲ್ಲುತ್ತೇನೆ. ನನ್ನ ಭಕ್ತಿಯನ್ನು ಅವರು ಪಾಲಕರ ಸಭೆಯಲ್ಲಿ ಹೊಗಳಿದ್ದಾರೆ.