ಮುಂಡಪ್ಪನವರ ತುಕ್ಕಿನ ವಿದ್ಯೆ

ನವಿ ಮುಂಬಯಿಯ ಕೋಪರಖೈರಣೆಯ ಆ ಹೌಸಿಂಗ್ ಸೊಸೈಟಿಯಲ್ಲಿ ಮುಂಡಪ್ಪನವರು ಇದ್ದಾರೆಂದು ನೆನಪಾಗುತ್ತಿದ್ದದ್ದು ಮೇಂಟೆನೆನ್ಸ್ ಕಟ್ಟುವ ದಿನ ಮಾತ್ರ. ಕಾಪುವಿನಿಂದ ಹದಿನೇಳನೇ ವಯಸ್ಸಿಗೆ ಬಂದು, ಕ್ಯಾಂಟೀನಿನಲ್ಲಿ ಕೆಲಸ ಮಾಡುತ್ತಲೇ ಓದಿ, ಈಗ ಬೇಲಾಪುರ ರಸ್ತೆಯ ಕೇಬಲ್ ಫ್ಯಾಕ್ಟರಿಯಲ್ಲಿ ಸ್ಟೋರ್ ಕೀಪರ್. ಮಾತು ಕಡಿಮೆ. ಯಾರಾದರೂ ಮಾತಿಗೆ ನಿಂತರೆ ತಲೆಯಾಡಿಸಿ ಲಿಫ್ಟಿನ ಗುಂಡಿ ಒತ್ತುವ ಜಾತಿ.

ಇಂಥವರ ಬದುಕಿಗೆ ಯುದ್ಧದ ಟ್ಯಾಂಕ್ ನುಗ್ಗಿದ್ದು 2005ರಲ್ಲಿ. ಕಾಮೋಠೆಯಲ್ಲಿದ್ದ ತಂಗಿ ಅಕ್ಕುವಿನ ಮಗನ ಹುಟ್ಟುಹಬ್ಬಕ್ಕೆಂದು ವಾಶಿಯಲ್ಲಿ ಒಂದು ಡಬ್ಬ ಕೊಂಡರು. ಮೇಲೆ ಧೂಳೆಬ್ಬಿಸುತ್ತ ಓಡುವ ಟ್ಯಾಂಕಿನ ಚಿತ್ರ. ಒಳಗೆ ನೋಡಿದರೆ ಟ್ಯಾಂಕೇ ಇಲ್ಲ, ಅಂಟಿಸಿ ಜೋಡಿಸಬೇಕಾದ ಇನ್ನೂರಕ್ಕೂ ಹೆಚ್ಚು ಪ್ಲಾಸ್ಟಿಕ್ ತುಂಡುಗಳು!

"ಅಣ್ಣಾ, ಇವ ಇದನ್ನು ನುಂಗಿದರೆ ಡಾಕ್ಟ್ರ ಹತ್ರ ಓಡುವುದು ನೀನಾ ನಾನಾ?" ಎಂದಳು ಅಕ್ಕು.

ತೆರೆದ ಡಬ್ಬವನ್ನು ಅಂಗಡಿಯವನು ವಾಪಸು ತೆಗೆದುಕೊಳ್ಳಲಿಲ್ಲ. ಏನಿದೆ ನೋಡುವ ಎಂದು ಮುಂಡಪ್ಪನವರು ಒಂದು ಆದಿತ್ಯವಾರ ಬೆಳಿಗ್ಗೆ ಕುಳಿತರು. ಎದ್ದಾಗ ಮಧ್ಯಾಹ್ನದ ಮೀನುಸಾರು ತಣ್ಣಗಾಗಿ ಮೂರು ಗಂಟೆಯಾಗಿತ್ತು.

ಮೂರು ವಾರದಲ್ಲಿ ಅಂಗೈಯಷ್ಟು ಟ್ಯಾಂಕ್ ತಯಾರಾಯಿತು. ಹೊಳೆಯುವ ಹಸಿರು ಬಣ್ಣ. ಅದನ್ನು ಟವೆಲ್ಲಿನಲ್ಲಿ ಸುತ್ತಿ ಫ್ಯಾಕ್ಟರಿಗೆ ಒಯ್ದು, ಗೇಟಿನ ಸೆಕ್ಯುರಿಟಿ ಶಿವರಾಯನಿಗೆ ತೋರಿಸಿದರು. ಇಂಡಿ ತಾಲೂಕಿನ ಶಿವರಾಯ ಸೈನ್ಯದಲ್ಲಿ ಹದಿನೈದು ವರ್ಷ ಟ್ಯಾಂಕ್ ಓಡಿಸಿ ಬಂದವನು. ಅವನು ಅದನ್ನು ತಿರುಗಿಸಿ ತಿರುಗಿಸಿ ನೋಡಿದ.

"ಛಲೋ ಮಾಡೀರಿ. ಆದ್ರ ಇದು ಟ್ಯಾಂಕ್ ಅಲ್ರೀ, ಬೀಗರ ಮನಿಗೆ ಹೊಂಟ ಮದುಮಗ ಆಗೇತಿ. ಟ್ಯಾಂಕ್ ಅಂದ್ರ ಮೈತುಂಬ ಧೂಳ, ಎಣ್ಣಿ, ತುಕ್ಕ ಇರಬೇಕ್ರಿ. ಹತ್ತಿ ಇಳಿದು ನಮ್ಮ ಬೂಟಿಗೇ ಅರ್ಧ ಬಣ್ಣ ಹೋಗಿರತೈತಿ."

ಮುಂಡಪ್ಪನವರಿಗೆ ಆ ಮಾತು ನಾಟಿತು. ಅಂದಿನಿಂದ ಅವರ ಆದಿತ್ಯವಾರಗಳೆಲ್ಲ ಟ್ಯಾಂಕುಗಳನ್ನು ಕೊಳೆ ಮಾಡುವುದಕ್ಕೆ ಮೀಸಲಾದವು. ಕಂದು ಬಣ್ಣದ ಮೇಲೆ ಉಪ್ಪಿನ ಹರಳು ಅಂಟಿಸಿ, ಅದರ ಮೇಲೆ ಹಸಿರು ಬಳಿದು, ಒಣಗಿದ ಮೇಲೆ ಉಪ್ಪು ಉಜ್ಜಿ ತೆಗೆದರೆ ಬಣ್ಣ ಚಕ್ಕೆ ಎದ್ದಂತೆ ಕಾಣುತ್ತದೆ. ಹೀಗೆ ಅಡುಗೆಮನೆಯ ಉಪ್ಪು ಕರಗತೊಡಗಿತು. ಮುಂಬ್ರಾ ಗುಡ್ಡದ ಬುಡದಿಂದ ಬೆಂಕಿಪೊಟ್ಟಣದಲ್ಲಿ ಮಣ್ಣು ಬಂತು; ಅದನ್ನು ಜರಡಿ ಹಿಡಿದದ್ದು ಚಹಾ ಸೋಸುವ ಸೋಸಣಿಗೆಯಲ್ಲಿ.

"ಬೇರೆಯವರ ಗಂಡಂದಿರು ಹಳತಕ್ಕೆ ಬಣ್ಣ ಹೊಡೆದು ಹೊಸತು ಮಾಡ್ತಾರೆ," ಎಂದರು ಹೆಂಡತಿ ಜಲಜಾಕ್ಷಿ, ಹೊಸ ಸೋಸಣಿಗೆ ತಂದ ದಿನ. "ನಿಮ್ಮದೆಂತ ಮಾರಾಯ್ರೆ, ಹೊಸತಕ್ಕೆ ತುಕ್ಕು ಹಿಡಿಸುವುದು?"

ಆ ತುಕ್ಕೇ ಕೈಗೆ ಹತ್ತುತ್ತಿರಲಿಲ್ಲ. ಎಷ್ಟು ಬಳಿದರೂ ಚಟ್ನಿ ಚೆಲ್ಲಿದಂತೆ ಕಾಣುತ್ತಿತ್ತು. ಸರಿ, ಮುಂಡಪ್ಪನವರು ನಿಜವಾದ ತುಕ್ಕನ್ನು ನೋಡಲು ಹೊರಟರು. ಸ್ಟೇಷನ್ನಿನ ಸೇತುವೆ, ಗುಜರಿ ಸಾಮಾನಿನ ಭಂಗಾರದವನ ಲಾರಿ, ಸಮುದ್ರದ ಖಾಡಿಯ ಉಪ್ಪುಗಾಳಿಗೆ ತಿಂದುಹೋದ ಕಿಟಕಿ ಗ್ರಿಲ್ಲುಗಳು, ಯಾವುದನ್ನೂ ಬಿಡಲಿಲ್ಲ. ಪಕ್ಕದ ಕಟ್ಟಡದ ಒಂದು ಗ್ರಿಲ್ಲಿನ ಮುಂದೆ ಹತ್ತು ನಿಮಿಷ ನಿಂತದ್ದಕ್ಕೆ ಒಳಗಿದ್ದ ಹೆಂಗಸು ರಪ್ಪನೆ ಪರದೆ ಎಳೆದಳು. ಆಮೇಲೆ ಮರ್ಯಾದೆಗೆಂದು ಜಲಜಾಕ್ಷಿಯನ್ನೂ ಕರೆದುಕೊಂಡು ಹೋಗತೊಡಗಿದರು. ಬಹಳ ದಿನಗಳ ಮೇಲೆ ಗುಟ್ಟು ಹೊಳೆಯಿತು: ನೀರು ಹೊರಟಲ್ಲಿ ತುಕ್ಕು ತೆಳು, ಹಾಲು ಹಾಕದ ಬಡಚಹಾದ ಬಣ್ಣ, ನೀರು ಹೋಗಿ ನಿಂತಲ್ಲಿ ದಪ್ಪ, ಕಡುಗಪ್ಪು. ಅವರು ಅಷ್ಟರವರೆಗೆ ಎಲ್ಲವನ್ನೂ ತಲೆಕೆಳಗೆ ಬಳಿಯುತ್ತಿದ್ದರು.

2011ರ ಮಾತು. ಸೊಸೈಟಿಯ ಮೇಲಿನ ಮಹಡಿಯ ಗೋಡೆಗಳು ಒದ್ದೆಯಾಗತೊಡಗಿದವು. ಟೆರೇಸಿನ ನೀರಿನ ಟ್ಯಾಂಕಿನ ಬಳಿ ಎಲ್ಲೋ ಸೋರಿಕೆ. ಇಬ್ಬರು ಪ್ಲಂಬರ್‌ಗಳು ಬಂದು ಜಾಯಿಂಟು ಬಿಗಿದು ಹೋದರೂ ನಿಲ್ಲಲಿಲ್ಲ. ಆಗಲೇ ಸೊಸೈಟಿಯ ಮರಾಠಿ ಸೆಕ್ರೆಟರಿ ಹರಿಶ್ಚಂದ್ರ ಯಾವುದೋ ಸಹಿಗೆಂದು ಮುಂಡಪ್ಪನವರ ಮನೆಗೆ ಫೋನ್ ಮಾಡಿದ್ದು. ಎತ್ತಿದವರು ಜಲಜಾಕ್ಷಿ.

"ವೋ ಟ್ಯಾಂಕ್ ಕಾ ಕಾಮ್ ಮೇ ಬೈಠಾ ಹೈ," ಎಂದರು ತಮ್ಮ ಹಿಂದಿಯಲ್ಲಿ. "ಛೇ ಸಾಲ್ ಸೇ ಹರ್ ಸಂಡೇ ಟ್ಯಾಂಕ್ ಕಾಚ್ ಕಾಮ್!" ಆರು ವರ್ಷದಿಂದ ಪ್ರತಿ ಆದಿತ್ಯವಾರ ಅವರಿಗೆ ಟ್ಯಾಂಕಿನದೇ ಕೆಲಸ ಎಂದು.

ಮುಂದಿನ ಮೀಟಿಂಗಿನಲ್ಲಿ ಹರಿಶ್ಚಂದ್ರ ಎದ್ದು ನಿಂತು, ನಮ್ಮ ಕಟ್ಟಡದಲ್ಲೇ ಆರು ವರ್ಷ ಅನುಭವದ ಟ್ಯಾಂಕ್ ತಜ್ಞರಿದ್ದಾರೆ, ನಮಗೇ ಗೊತ್ತಿರಲಿಲ್ಲ ಎಂದು ಘೋಷಿಸಿಬಿಟ್ಟರು. ಹಿಂದಿನ ಸಾಲಿನಲ್ಲಿ ಸಮೋಸಾ ತಿನ್ನುತ್ತಿದ್ದ ಮುಂಡಪ್ಪನವರು ನುಂಗಿ ಬಾಯಿ ಬಿಡುವಷ್ಟರಲ್ಲಿ ಚಪ್ಪಾಳೆಯೂ ಆಗಿಹೋಗಿತ್ತು. ಅಷ್ಟು ಜನರ ಮುಂದೆ, ನಾನು ಮಾಡುವುದು ಅಂಗೈಯಷ್ಟು ಟ್ಯಾಂಕ್ ಎನ್ನಲು ಅವರಿಗೆ ಧೈರ್ಯ ಬರಲಿಲ್ಲ.

ಮರುದಿನ ಬೆಳಿಗ್ಗೆ ಟೆರೇಸಿಗೆ ಮೆರವಣಿಗೆಯೇ ಹೊರಟಿತು. ಮುಂಡಪ್ಪನವರು ಎಲ್ಲರಿಗಿಂತ ಹಿಂದೆ ಮೆಟ್ಟಿಲು ಹತ್ತಿದರು. ಕಾಂಕ್ರೀಟ್ ಟ್ಯಾಂಕಿನ ಸುತ್ತ ಹಳೇ ಕಬ್ಬಿಣದ ಪೈಪುಗಳು. ಪ್ಲಂಬರ್‌ಗಳು ಕೈಹಾಕಿದ್ದೆಲ್ಲ ತುಕ್ಕು ದಪ್ಪಗಿದ್ದ ಕೆಳಗಿನ ಜಾಯಿಂಟಿಗೆ. ಅದು ನೀರು ಬಂದು ನಿಂತ ಜಾಗ, ಹೊರಟ ಜಾಗವಲ್ಲ ಎಂದು ಕಂಡದ್ದೇ ಅವರು ಮುಂದೆ ಬಂದರು. ಕನ್ನಡಕ ಹಣೆಗೇರಿಸಿ, ಪೈಪಿನ ಅಡಿಭಾಗದಲ್ಲಿ ಬಡಚಹಾದ ಬಣ್ಣದ ಒಂದು ಎಳೆಯನ್ನು ಹಿಡಿದು ಮೇಲೆ ಮೇಲೆ ಹೋದರು. ನಾಲ್ಕಡಿ ಮೇಲೆ, ಟ್ಯಾಂಕಿನ ಹಿಂದೆ ಯಾರಿಗೂ ಕಾಣದಲ್ಲಿ ಒಂದು ತಿರುವು. ಕೈ ತೂರಿಸಿ ಬೆರಳು ಹೊರತೆಗೆದರು. ಒದ್ದೆ!

"ಇಲ್ಲಿ," ಎಂದರು, ಅಷ್ಟೇ.

ಆ ತಿರುವು ಬದಲಿಸಿದ ಮೇಲೆ ಗೋಡೆಗಳು ಒಣಗಿದವು. ಉಳಿದ ಪೈಪಿಗೆ ಬಣ್ಣ ಬಳಿಸಲು ಹೊರಟಾಗ ಮುಂಡಪ್ಪನವರೇ ಅಡ್ಡ ಬಂದರು. "ಒಂದು ವಾರ ತಡೆಯಿರಿ. ಇಷ್ಟು ಚಂದದ ತುಕ್ಕು ನಾನು ಎಲ್ಲಿಯೂ ನೋಡಿಲ್ಲ. ಫೋಟೋ ತೆಗೀಬೇಕು." ತಜ್ಞರ ಮಾತಲ್ಲವೆ, ಎಲ್ಲರೂ ಗಂಭೀರವಾಗಿ ಒಪ್ಪಿದರು.

ಕೃತಜ್ಞತೆ ಹೇಳಲು ಹರಿಶ್ಚಂದ್ರ ತೆಂಗಿನಕಾಯಿ, ಪೇಡಾ ಹಿಡಿದು ಮನೆಗೆ ಬಂದರು. ಇನ್ನು ಮುಚ್ಚಿಡುವುದು ಬೇಡವೆಂದು ಮುಂಡಪ್ಪನವರು ಶೋಕೇಸಿನ ಬಾಗಿಲು ತೆರೆದು ಎಲ್ಲವನ್ನೂ ಒಪ್ಪಿಕೊಂಡರು. ಕೆಸರು ಮೆತ್ತಿದ ಒಂಬತ್ತು ಟ್ಯಾಂಕುಗಳು ಸಾಲಾಗಿ ನಿಂತಿದ್ದವು. ಹರಿಶ್ಚಂದ್ರ ಅವನ್ನೂ ಇವರನ್ನೂ ನೋಡಿದರು. ಮೊದಲು ಅವರ ಹೊಟ್ಟೆ ನಗುವಿಗೆ ಕುಲುಕಿತು, ಆಮೇಲೆ ಭುಜ, ಕೊನೆಗೆ ಸೋಫಾವೇ ಕುಲುಕಿತು.

"ಅಣ್ಣಾ, ಹಾತ್ ಲಾವೂ ಕಾ?" ಮುಟ್ಟಬಹುದೇ ಎಂದು ಕೇಳಿದರು, ಕಣ್ಣೊರೆಸಿಕೊಂಡು.

ಮುಂಡಪ್ಪನವರು ಎಲ್ಲಕ್ಕಿಂತ ಕೊಳಕಾದ ಟ್ಯಾಂಕನ್ನು ಆರಿಸಿ ಅವರ ಅಂಗೈಯಲ್ಲಿಟ್ಟರು. ಆಮೇಲೆ ಉಪ್ಪಿನಿಂದ ಶುರುಮಾಡಿ ಹೇಳತೊಡಗಿದರು. ಎರಡು ಗಂಟೆಯಾದರೂ ಮಾತು ನಿಲ್ಲಲಿಲ್ಲ. ಮದುವೆಯಾದಂದಿನಿಂದ ಗಂಡ ಇಷ್ಟು ಮಾತಾಡಿದ್ದನ್ನು ಕೇಳಿರದ ಜಲಜಾಕ್ಷಿ, ಮೂರನೇ ಸಲ ಚಹಾಕ್ಕೆ ನೀರಿಟ್ಟರು.